ಬಾಗಿಲಿದೆ, ಮನೆಯಿಲ್ಲ

ಪಾರಂಪರಿಕ ಕಟ್ಟಡಗಳ ಸಂರಕ್ಷಣಾ ಆಯುಕ್ತರಿಗೆ,

ಮಾನ್ಯರೇ,

ತಾವು ಸಂರಕ್ಷಿಸಿರುವ ನಮ್ಮ ಮನೆಯ ಬಾಗಿಲನ್ನು ಕಳೆದ ಗುರುವಾರ ಸಂಜೆ ಒಬ್ಬರು ತಟ್ಟಿ, ಕಾದು, ಹೊರಟುಹೋದರು. ಬಂದವನು ನನ್ನ ಅಣ್ಣ. ಹದಿನೆಂಟು ವರ್ಷದ ಮೇಲೆ ಬಂದಿದ್ದ. ಆ ಬಾಗಿಲಿನ ಹಿಂದೆ ಒಂದು ಗೇಣು ಬಿಟ್ಟರೆ ಕಾಂಕ್ರೀಟ್ ಗೋಡೆ ಎಂದು ಅವನಿಗೆ ಹೇಳುವವರು ಯಾರೂ ಇರಲಿಲ್ಲ.

ರಾಜಧಾನಿ ಬೆಳೆಯಬೇಕು, ಒಪ್ಪಿದೆ. ಮನೆ ಬಿಟ್ಟುಕೊಟ್ಟು ಊರಾಚೆಯ ಬಡಾವಣೆಗೆ ಹೋದೆವು. ತಾವು ಮುಂಗೋಡೆಯೊಂದನ್ನು ಉಳಿಸಿ, ಅದರ ಬೆನ್ನಿಗೆ ಮೂವತ್ತು ಮಹಡಿ ಏರಿಸಿ, ಪ್ರಶಸ್ತಿಯನ್ನೂ ಪಡೆದಿರಿ. ಮೇಲೆ ಥಳಕು, ಒಳಗೆ ಹುಳುಕು ಎಂಬ ಮಾತು ಕೇಳಿದ್ದೆ. ತಮ್ಮ ಕೆಲಸದಲ್ಲಿ ಹುಳುಕಿಗೂ ಜಾಗವಿಲ್ಲ, ಒಳಗೆಂಬುದೇ ಇಲ್ಲವಲ್ಲ. ನಾನು ಪುಸ್ತಕಗಳಿಗೆ ರಟ್ಟು ಹಾಕುವವಳು. ಹಾಳೆಗಳನ್ನೆಲ್ಲ ಕಿತ್ತು ರಟ್ಟನ್ನಷ್ಟೇ ವಾಪಸು ಕೊಟ್ಟರೆ ನನ್ನ ಗಿರಾಕಿ ಸುಮ್ಮನಿರುತ್ತಾನೆಯೇ? ಇಷ್ಟು ಸಾಲದೆಂದು ಕಿಟಕಿಗಳಿಗೆ ಪರದೆ ಕಟ್ಟಿಸಿ, ಹಿಂದೆ ದೀಪ ಇಡಿಸಿದಿರಿ. ಸಂಜೆ ಆರೂವರೆಗೆ ಅದು ತಾನಾಗಿ ಹತ್ತಿಕೊಳ್ಳುತ್ತದೆ. ಬೀದಿಗೆ ಜೀವಕಳೆ ಬರಲೆಂದು, ಅಲ್ಲವೇ?

ಭಾನುವಾರಗಳಲ್ಲಿ ನಾನು ಅಲ್ಲಿಗೆ ಹೋಗಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಈ ಸಲ ಕಾವಲುಗಾರ ಹತ್ತಿರ ಬಂದು ಕೇಳಿದ, "ಅಕ್ಕಾ, ನಿಮ್ಮನೇಲಿ ಗುಬ್ಬಿ ಅಂತ ಯಾರಾದ್ರೂ ಇದ್ರಾ?"

ನನ್ನನ್ನು ಹಾಗೆ ಕರೆಯುತ್ತಿದ್ದವನು ಅಣ್ಣನೊಬ್ಬನೇ.

"ಗುರುವಾರ ಒಬ್ರು ಬಂದಿದ್ರು. 'ಗುಬ್ಬೀ, ಬಾಗ್ಲು ತೆಗಿಯೇ' ಅಂತ ತಟ್ತಾನೇ ಇದ್ರು. ಫೋಟೋ ತೆಗೆಯೋರೆಲ್ಲ ಸುಮ್ನೆ ತಟ್ಟಿ ನೋಡ್ತಾರಲ್ಲ, ಹಾಗೇ ಅಂದ್ಕೊಂಡೆ. ನಾನು ಹತ್ರ ಹೋಗೋಷ್ಟರಲ್ಲಿ, 'ದೀಪ ಹಾಕ್ಕೊಂಡು ಒಳಗೇ ಕೂತಿದಾರೆ, ತೆಗೀತಿಲ್ಲ. ಅಪ್ಪನ ಸಿಟ್ಟು ಇನ್ನೂ ಇಳಿದಿಲ್ಲ' ಅಂದ್ರು. ಹೊರಟೇಬಿಟ್ರು."

ಅಪ್ಪ ಅವನಿಗೆ "ಈ ಹೊಸಿಲು ತುಳೀಬೇಡ" ಎಂದದ್ದು ನಿಜ. ಅದೇ ಅಪ್ಪ ಸಾಯುವ ಮುಂಚೆ ನನ್ನ ಕೈ ಹಿಡಿದು, "ಅವನು ಬಂದ್ರೆ ಏನೂ ಕೇಳ್ಬೇಡ, ಒಳಗೆ ಕರಿ" ಎಂದದ್ದೂ ನಿಜ. ಯಾವ ಒಳಗೆ ಕರೆಯಲಿ, ಸ್ವಾಮಿ? ಈಗ ಪಕ್ಕದ ಮನೆಯ ಬಾಗಿಲನ್ನು ಯಾರಾದರೂ ತಟ್ಟಿದರೂ ನಾನು ಎದ್ದು ನಿಲ್ಲುತ್ತೇನೆ. ಅವನೀಗ ಎಲ್ಲಿದ್ದಾನೋ ನನಗೆ ಗೊತ್ತಿಲ್ಲ.

ಹೊಸ ವಿಳಾಸದ ಚೀಟಿಯೊಂದನ್ನು ಆ ಬಾಗಿಲಿಗೆ ಅಂಟಿಸಲು ಎರಡು ವರ್ಷದ ಹಿಂದೆಯೇ ಅನುಮತಿ ಕೇಳಿದ್ದೆ. 'ಪಾರಂಪರಿಕ ಮೇಲ್ಮೈಯನ್ನು ವಿರೂಪಗೊಳಿಸುವುದು ದಂಡನೀಯ' ಎಂದು ತಮ್ಮ ಕಚೇರಿ ಉತ್ತರಿಸಿತು. ಆಗಲಿ, ಚೀಟಿ ಬೇಡ. ದೀಪವನ್ನು ಇವತ್ತೇ ಆರಿಸಿ. ಬಾಗಿಲ ಪಕ್ಕದ ಹಿತ್ತಾಳೆ ಫಲಕದಲ್ಲಿ ಮನೆ ಕಟ್ಟಿದ ವರ್ಷ, ಶೈಲಿ, ತಮ್ಮ ಹೆಸರು ಎಲ್ಲವೂ ಇವೆ. ಅವುಗಳ ಕೆಳಗೆ ಒಂದು ಸಾಲು ಕೆತ್ತಿಸಿ: 'ಒಳಗೆ ಯಾರೂ ಇಲ್ಲ. ಇದ್ದಿದ್ದರೆ ತೆಗೆಯುತ್ತಿದ್ದರು.'

ಇಂತಿ,
ಬಾಗಿಲು ತೆಗೆಯದ ತಂಗಿ