ಹಿಂದಕ್ಕೆ ತಿರುಗಿದ ಸೂರ್ಯ

ಪೂಜ್ಯ ಭಾವನವರಿಗೆ,

ಹನ್ನೊಂದು ವರ್ಷದಿಂದ ದಿನಾ ಬೆಳಿಗ್ಗೆ ತಾರಸಿ ಹತ್ತಿ, ದೂರದರ್ಶಕದಿಂದ ಸೂರ್ಯನ ಬಿಂಬವನ್ನ ಬಿಳಿ ಹಾಳೆ ಮೇಲೆ ಬೀಳಿಸಿ, ಅದರ ಕಲೆಗಳನ್ನ ಪೆನ್ಸಿಲ್‌ನಲ್ಲಿ ಗುರುತು ಮಾಡ್ಕೊಂಡವನು ನಾನು. "ನೋಡಿ ಕೊಡ್ತೀನಪ್ಪ" ಅಂತ ಆ ಗುರುತಿನ ಪುಸ್ತಕಗಳನ್ನ ಒಯ್ದು, ನಕಲು ಮಾಡಿ, ನಿಮ್ಮ ಹೆಸರಲ್ಲಿ ಖಗೋಳ ಸಂಘಕ್ಕೆ ಕಳಿಸಿ ಪದಕ ಹೊಡೆದವರು ನೀವು. ಸೂರ್ಯನ ಕಲೆ ನನ್ನ ಪಾಲಿಗೆ, ಕೈಚಳಕದ ಕಲೆ ನಿಮ್ಮ ಪಾಲಿಗೆ!

ಅದಕ್ಕೇ ಈ ತಿಂಗಳು ನಿಮಗೇ ಅಂತ ಬೇರೆ ಪುಸ್ತಕ ಮಾಡಿದೆ. ಅದರಲ್ಲಿ ಕಲೆಗಳೆಲ್ಲ ಉಲ್ಟಾ ದಿಕ್ಕಿಗೆ ಹೋಗ್ತವೆ. ನಾಲ್ಕು ದಿನ ಸೂರ್ಯನನ್ನ ನೋಡಿದ ಯಾರಿಗಾದರೂ ಗೊತ್ತಾಗೋ ತಪ್ಪು. ನೀವು ಅದನ್ನೂ ಒಯ್ದು "ನನ್ನ ಮಹಾಶೋಧ" ಅಂತ ಸಂಘದಲ್ಲಿ ಭಾಷಣಕ್ಕೆ ಇಟ್ಟಿರಿ.

ನೀವು ಇದನ್ನ ಓದೋ ಹೊತ್ತಿಗೆ ಅಧ್ಯಕ್ಷರು ನಾನು ಕೊಟ್ಟ ಈ ತಿಂಗಳ ಅಸಲಿ ಪುಸ್ತಕವನ್ನ ಸಭೆ ಮುಂದೆ ಬಿಚ್ಚಿರ್ತಾರೆ. ನನ್ನ ಹಳೇ ಪುಸ್ತಕಗಳನ್ನ ದಯವಿಟ್ಟು ವಾಪಸ್ ಕಳಿಸಿ. ಪದಕವನ್ನೂ ಅದೇ ಚೀಲಕ್ಕೆ ಹಾಕಿದರೆ ಅನುಕೂಲ.

ಈ ಪತ್ರವನ್ನ ಅಕ್ಕನ ಎದುರಲ್ಲೇ ಕೂತು ಬರೀತಿದ್ದೀನಿ. ಭಾಷಣಕ್ಕೆ ಮುಂಚೆಯೇ ಇದನ್ನ ಕೊಟ್ಟು ನಿಮ್ಮನ್ನ ಉಳಿಸಿಬಿಡ್ತಾಳೇನೋ ಅಂತ ನನಗೆ ಭಯ ಇತ್ತು. ಅವಳು ಕನ್ನಡಕ ಒರೆಸ್ಕೊಂಡು, "ಭಾಷಣ ಮುಗಿಸಿ ಬರ್ಲಿ. ಮೊದಲು ಒಂದು ಲೋಟ ನೀರು ಕೊಟ್ಟು ಆಮೇಲೆ ಇದನ್ನ ಕೊಡ್ತೀನಿ ಬಿಡೋ" ಅಂದಳು.

ಇಂತಿ ನಿಮ್ಮ ಕಿರಿ ಭಾವಮೈದ