ರಟ್ಟಿನ ಬಾಗಿಲು

ಗುರುವಾರ, ಊಟದ ಬಿಡುವು
ಸ್ಕೂಲ್ ಲೈಬ್ರರಿಯಿಂದ

ನನ್ನ ಮಗಳ ಅಪ್ಪನವರಿಗೆ,

ಏನೆಂದು ಕರೆದು ಶುರು ಮಾಡಲಿ ಎಂದು ತಿಳಿಯದೆ ಎರಡು ಹಾಳೆ ಹರಿದು ಹಾಕಿದೆ. ಇಷ್ಟಾದರೂ ಸುಳ್ಳಲ್ಲವಲ್ಲ ಎಂದು ಕೊನೆಗೆ ಹೀಗೆ ಬರೆದಿದ್ದೇನೆ. ಜಗಳ ಮುಂದುವರಿಸಲು ಬರೆಯುತ್ತಿಲ್ಲ, ಗಾಬರಿಯಾಗಬೇಡಿ. ನನ್ನ ತಲೆ ಕೆಟ್ಟು ಹೋಗಿದೆ, ಅದಕ್ಕೆ.

ಇಲ್ಲಿ ಹಿಂದಿನ ಕಪಾಟುಗಳನ್ನು ಸರಿಸಿ, ಮಕ್ಕಳು ಮನಸ್ಸಿಗೆ ಬಂದದ್ದನ್ನು ಮಾಡಿ ನೋಡಲು ಒಂದು ಮೂಲೆ ಬಿಟ್ಟುಕೊಟ್ಟಿದ್ದೇವೆ. ರಟ್ಟು, ಅಂಟು, ಬಾಟಲಿ ಮುಚ್ಚಳ, ಹಳೆ ರೇಡಿಯೋದ ತಂತಿ, ಎಲ್ಲ ಇದೆ. ಗಲಾಟೆ ಹೇಳತೀರದು. 'ಮೌನವಾಗಿರಿ' ಎಂಬ ನನ್ನ ಬೋರ್ಡನ್ನೇ ಕತ್ತರಿಸಿ ಯಾರೋ ವಿಮಾನದ ರೆಕ್ಕೆ ಮಾಡಿಕೊಂಡಿದ್ದಾರೆ. ನಮ್ಮ ಮಗಳು ಮಾಡಿದ್ದು ಬಾಗಿಲು. ಮನೆಯಿಲ್ಲ, ಗೋಡೆಯಿಲ್ಲ. ಫ್ರಿಜ್ ಬಂದ ರಟ್ಟಿನ ಪೆಟ್ಟಿಗೆ ಕೊಯ್ದು ಒಂದು ಚೌಕಟ್ಟು, ಒಂದು ಬಾಗಿಲು, ಅಷ್ಟೇ. ಇದರಿಂದೇನು ಉಪಯೋಗ ಎಂದು ಹೆಡ್‌ಮೇಡಂ ಕೇಳಿದ್ದಕ್ಕೆ, ದಾಟಿ ನೋಡಿ ಮೇಡಂ, ಗೊತ್ತಾಗತ್ತೆ ಅಂದಳಂತೆ. ಮಾತಿನಲ್ಲಿ ಥೇಟ್ ನೀವೇ.

ಆಟ ಇಷ್ಟೇ. ಬಾಗಿಲು ದಾಟಿದವರು ಆಚೆ ಹೋಗುವಷ್ಟರಲ್ಲಿ ಬೇರೆ ಯಾರೋ ಆಗಿರಬೇಕು. ಇವಳು ಪಕ್ಕದಲ್ಲಿ ಸ್ಟೂಲ್ ಹಾಕಿ ಕೂತು, ಯಾರು ನೀವು ಎಂದು ವಿಚಾರಿಸುತ್ತಾಳೆ. ಒಬ್ಬ ಹಡಗಿನ ಕಪ್ತಾನನಾದ, ಇನ್ನೊಬ್ಬಳು ಹಲ್ಲಿನ ಡಾಕ್ಟರಾದಳು.

ನಿನ್ನೆ ಇವಳೇ ದಾಟಿದಳು. ನಾನು ಕಪಾಟಿನ ಹಿಂದೆ ಪುಸ್ತಕ ಜೋಡಿಸುತ್ತಿದ್ದೆ. ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ನಿಮ್ಮ ಹಾಗೆ ಕೆಮ್ಮಿ, ನಾನು ಬಡಗಿ ಅಂದಳು. ದೂರದ ಊರಿಗೆ ಕೆಲಸಕ್ಕೆ ಹೋಗಿದ್ದೀನಿ ಅಂತ ಮನೇಲಿ ಅಂದ್ಕೊಂಡಿದ್ದಾರೆ, ಆದ್ರೆ ಎರಡು ಬೀದಿ ಆಚೆ ತಮ್ಮನ ಅಂಗಡೀಲೇ ಇದ್ದೀನಿ, ಯಾರಿಗೂ ಹೇಳ್ಬೇಡಿ, ಪಾಪ, ನನ್ನ ಹೆಂಡ್ತಿಗೆ ಬೇಜಾರಾಗತ್ತೆ ಅಂದಳು. ಮಕ್ಕಳೆಲ್ಲ ನಕ್ಕರು. ನನ್ನ ಕೈಯಲ್ಲಿದ್ದ ಪುಸ್ತಕ ಕಾಲ ಮೇಲೆ ಬಿತ್ತು.

ನೀವು ಮನೆ ಬಿಟ್ಟಾಗ ದೂರದ ಊರಿನ ಕೆಲಸ ಎಂದು ಅವಳಿಗೆ ಹೇಳಿದವಳು ನಾನೇ. ನೀವು ತಮ್ಮನ ಅಂಗಡಿಯಲ್ಲಿರುವುದು ಈಗ ಅವಳಿಗೆ ಗೊತ್ತೋ, ಆಟದ ಭರದಲ್ಲಿ ಬಾಯಿಗೆ ಬಂದದ್ದೋ? ಕೇಳಿದರೆ, ಬರೀ ಆಟ ಅಮ್ಮ ಅನ್ನುತ್ತಾಳೆ. ನೀವೇನಾದರೂ ಕದ್ದುಮುಚ್ಚಿ ಅವಳನ್ನು ನೋಡುತ್ತಿದ್ದೀರಾ? ಹೌದಾದರೆ ಸಿಟ್ಟು ಮಾಡಿಕೊಳ್ಳಲೋ, ಸದ್ಯ ಎಂದುಕೊಳ್ಳಲೋ, ಒಂದೂ ತೋಚುತ್ತಿಲ್ಲ. ಆ ದಿನ 'ಹೋಗಿ' ಎಂದು ನಾನು ಮೊದಲು ಅಂದೆನೋ, 'ಹೋಗ್ತೀನಿ' ಎಂದು ನೀವು ಮೊದಲು ಅಂದಿರೋ, ಅದೂ ನೆನಪಾಗುತ್ತಿಲ್ಲ. ಅಷ್ಟು ದೊಡ್ಡ ಜಗಳಕ್ಕೆ ಒಂದು ತಲೆಬುಡ ಬೇಡವೇ, ಹಾಳಾದ್ದು!

ಶನಿವಾರ ಬೆಳಿಗ್ಗೆ ಮಕ್ಕಳು ಮಾಡಿದ್ದನ್ನು ಅಪ್ಪ ಅಮ್ಮಂದಿರಿಗೆ ತೋರಿಸುತ್ತಾರೆ. ಇವಳ ಬಾಗಿಲು ಜೋತುಬಿದ್ದಿದೆ, ಟೇಪಿನ ಕೀಲು ಎಷ್ಟು ದಿನ ನಿಂತೀತು? ನಾನು ದಾರ ಕಟ್ಟಲು ಹೋದರೆ, ನೀನು ಮುಟ್ಬೇಡ, ಅಪ್ಪ ಬಂದು ಸರಿ ಮಾಡ್ತಾರೆ ಎಂದು ಕೈ ತಳ್ಳಿದಳು. ದೂರದ ಊರಿಂದ ಹೇಗೆ ಬರ್ತಾರೆ ಎಂದು ಕೇಳಲು ಹೋಗದೆ ದಾರ ಸುತ್ತಿಟ್ಟೆ.

ಬರುವುದು ಬಿಡುವುದು ನಿಮಗೆ ಸೇರಿದ್ದು. ಬಂದರೆ ಎರಡು ಸಣ್ಣ ಕೀಲು ತನ್ನಿ. ಅವಳಿಗೋಸ್ಕರ ಹೇಳುತ್ತಿದ್ದೇನೆ, ನನಗೇನಿಲ್ಲ.

ಇಂತಿ,
ನಿಮ್ಮ ಮಗಳ ಅಮ್ಮ

ತಾ.ಕ.: ಇವತ್ತು ಬೆಳಿಗ್ಗೆ ಬೇರೆ ಮಕ್ಕಳು ಬರುವ ಮೊದಲು ನಾನೂ ಆ ಬಾಗಿಲು ದಾಟಿದೆ. ಯಾರು ನೀವು ಎಂದು ಇವಳು ಗಂಭೀರವಾಗಿ ಕೇಳಿದಳು. ಏನೂ ಹೊಳೆಯದೆ, ಬಡಗಿಯ ಹೆಂಡತಿ ಅಂದುಬಿಟ್ಟೆ. ಸ್ಟೂಲಿನಿಂದ ಇಳಿದು ನನ್ನನ್ನು ಈಚೆಗೆ ದಬ್ಬಿದಳು. ಔಟ್, ಬೇರೆಯವರಾಗ್ಬೇಕು ಅಂತ ಹೇಳಿಲ್ವಾ ಅಮ್ಮ, ಅದು ನೀನೇ ಅಲ್ವಾ, ಅಂದಳು.