ಪ್ಯಾಂಟಿನ ಎರಡಿಂಚು

ರೀ,

ನೀವು ಏಳೋ ಮೊದಲೇ ಹೊಲಿಗೆ ಅಂಗಡಿಗೆ ಹೊರಟೆ. ಶಾಲೆ ಯೂನಿಫಾರ್ಮ್ ರಾಶಿ ಬಿದ್ದಿದೆ.

ಬೆಳಿಗ್ಗೆ ಡಯಾಲಿಸಿಸ್ ಸಿಸ್ಟರ್ ಫೋನ್ ಮಾಡಿದ್ರು. ನಿಮ್ಮ ತೂಕದಲ್ಲಿ ತಿಂಗಳಿಂದ ಹೆಚ್ಚು ತೋರಿಸ್ತಿರೋ ಒಂದೂವರೆ ಕಿಲೋ ನೀರಲ್ಲವಂತೆ, ಮೈಗೆ ಹತ್ತಿದ್ದಂತೆ. ಡಾಕ್ಟರೇ ಪರೀಕ್ಷೆ ಮಾಡಿ ಹೇಳಿದ್ರಂತೆ. ಇವತ್ತಿಂದ ಮಷೀನಿನಲ್ಲಿ ಮೈಯಿಂದ ಅಷ್ಟೊಂದು ನೀರು ಎಳೆಯಲ್ಲ, ಕಾಲು ಸೆಳೆತಾನೂ ಕಮ್ಮಿಯಾಗಬಹುದು ಅಂದ್ರು. ಕೊರೊನಾ ಬಂದು ಕರಗಿದ್ದ ಮೈ ಎರಡು ವರ್ಷಕ್ಕೆ ವಾಪಸ್ ಬಂದಿದೆ ನೋಡಿ.

ಕದ್ದು ನೀರು ಕುಡೀತೀರಿ ಅಂತ ತಿಂಗಳಿಡೀ ನಿಮ್ಮ ತಲೆ ತಿಂದೆ. ಫ್ರಿಜ್ಜಿಗೆ ಬೀಗಾನೂ ಹಾಕಿದೆ. ಈಗ ತೆಗೆದಿದ್ದೀನಿ. ಹಾಗಂತ ಹಿಗ್ಗಬೇಡಿ, ನಿಮ್ಮ ಬಾಟಲಿಗೆ ಎಂದಿನ ಹಾಗೆ ಅಳೆದೇ ಹಾಕಿಟ್ಟಿದ್ದೀನಿ.

ಊಟ ಹಾಟ್‌ಬಾಕ್ಸ್‌ನಲ್ಲಿದೆ, ಮುಗಿಸಿಯೇ ಹೊರಡಿ. ಎರಡು ಗಂಟೆಗೆ ಪಕ್ಕದ ಮನೆಯವರು ಡಯಾಲಿಸಿಸ್‌ಗೆ ಕಾರಲ್ಲಿ ಬಿಡ್ತಾರೆ, ಅವರನ್ನ ಕಾಯಿಸಬೇಡಿ.

ಪ್ಯಾಂಟು ಸೊಂಟದಲ್ಲಿ ಬಿಗಿ ಅಂತ ನೀವು ಹೇಳ್ತಾನೇ ಇದ್ರಿ. ದಿನಾ ಹತ್ತು ಜನರ ಅಳತೆ ತಗೊಳ್ಳೋ ನಾನು ಕಿವಿಗೇ ಹಾಕ್ಕೊಳ್ಳಲಿಲ್ಲ. ಕೊರೊನಾ ವಾಸಿಯಾಗಿ ನೀವು ಆಸ್ಪತ್ರೆಯಿಂದ ಬಂದಾಗ ಒಳಗೆ ಹಿಡಿದು ಹೊಲಿದಿದ್ದ ಎರಡಿಂಚನ್ನ ಈಗಷ್ಟೇ ಬಿಚ್ಚಿ ಇಸ್ತ್ರಿ ಮಾಡಿದೆ. ಕಂದು ಪ್ಯಾಂಟು ಕುರ್ಚಿ ಮೇಲಿದೆ. ಇವತ್ತು ಅದನ್ನೇ ಹಾಕ್ಕೊಂಡು ಹೋಗಿ.